ಕಾರು ನಿಲ್ಲಿಸುವ ಕಾಂಕ್ರೀಟ್ ಬಿರುಕು ಬಿಟ್ಟಿದೆ, ಮೇಲೊಂದು ಕೋಟ್ ಸಿಮೆಂಟ್ ಹಾಕಿದರೆ ಸಾಕಾ?

ಪ್ರಶ್ನೆ: ಗೇಟಿನಿಂದ ಮನೆವರೆಗೆ ಹಾಕಿಸಿದ ಕಾಂಕ್ರೀಟ್ ಅಲ್ಲಲ್ಲಿ ಬಿರುಕು ಬಿಟ್ಟಿದೆ. ರಿಪೇರಿ ಸಾಕಾ, ಒಡೆದು ಹೊಸದಾಗಿ ಹಾಕಿಸಬೇಕಾ? ಮೇಲೊಂದು ಕೋಟ್ ಸಿಮೆಂಟ್ ಬಳಿದರೆ ಸಾಕು ಅಂತಾರೆ ಮೇಸ್ತ್ರಿ.

ಉತ್ತರ: ಮತ್ತೆ ಬಂತು ಈ ಪ್ರಶ್ನೆ. ಜೊತೆಗೆ ಅದೇ ಕೋಟ್ ಸಿಮೆಂಟೂ ಬಂತು. ಮೊದಲು ಅದನ್ನೇ ಮುಗಿಸೋಣ.

ಹಳೆ ಕಾಂಕ್ರೀಟಿನ ಮೇಲೆ ಅರ್ಧ ಇಂಚು ಗಾರೆ ಎಳೆದರೆ ಎರಡೂ ಸೇರಿ ಒಂದಾಗುತ್ತವೆ ಅಂದುಕೊಳ್ಳುತ್ತೀರಿ, ಅಲ್ವಾ? ಆಗುವುದಿಲ್ಲ. ಹಳೆಯದು ಕುಗ್ಗುವಷ್ಟು ಕುಗ್ಗಿ ಮುಗಿಸಿದೆ. ಹೊಸ ಗಾರೆ ಈಗಷ್ಟೇ ಕುಗ್ಗಲು ಶುರುಮಾಡುತ್ತದೆ. ಕೆಳಗಿನದು ಅಲುಗುವುದಿಲ್ಲ, ಮೇಲಿನದು ಎಳೆದುಕೊಳ್ಳುತ್ತದೆ, ಅಂಟು ಬಿಡುತ್ತದೆ. ಹಳೆ ಮೈಯಲ್ಲಿ ಧೂಳು, ಪಾಚಿ, ಇಂಜಿನ್ ಆಯಿಲ್ ಇದ್ದರಂತೂ ಅಂಟುವ ಮಾತೇ ಇಲ್ಲ. ಇಷ್ಟು ತೆಳ್ಳಗಿನ ಗಾರೆ ಬಿಸಿಲಿಗೆ ಬೇಗ ಒಣಗಿ, ಗಟ್ಟಿಯಾಗುವ ಮೊದಲೇ ನೀರು ಕಳೆದುಕೊಳ್ಳುತ್ತದೆ. ಆಮೇಲೆ ಕಾರಿನ ಚಕ್ರ ತಿರುಗುವ ಜಾಗದಲ್ಲಿ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಸರಿ, ಅಂಟಿಕೊಂಡೇಬಿಟ್ಟಿತು ಅಂತಿಟ್ಟುಕೊಳ್ಳಿ. ಆಗಲೂ ಕೆಳಗಿನ ಬಿರುಕು ಸುಮ್ನೆ ಕೂರುವುದಿಲ್ಲ. ಬಿಸಿಲಿಗೆ ಹಿಗ್ಗಿ, ತಂಪಿಗೆ ಕುಗ್ಗಿ, ಅದೇ ಗೆರೆಯಲ್ಲಿ ಮೇಲಿನದನ್ನೂ ಸೀಳುತ್ತದೆ. ಕೀವು ಒಳಗೇ ಬಿಟ್ಟು ಮೇಲೆ ಪಟ್ಟಿ ಕಟ್ಟಿದ ಹಾಗೆ. "ಸಿಮೆಂಟ್ ಜಾಸ್ತಿ ಹಾಕಿ ಕಲಸಿದರೆ?" ಅಂತ ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ: ಸಿಮೆಂಟ್ ಜಾಸ್ತಿಯಾದಷ್ಟೂ ಕುಗ್ಗುವುದೂ ಜಾಸ್ತಿ. ತೆಳುವಾಗಿ ಬಳಿಯಲೆಂದೇ ಪಾಲಿಮರ್ ಬೆರೆಸಿದ ಮಿಶ್ರಣಗಳಿವೆ, ನಿಜ. ಅವು ಮೇಲ್ಮೈ ಸವೆದು ಒಳಗೆ ಗಟ್ಟಿಯಿರುವ ಕಾಂಕ್ರೀಟಿಗೆ, ಅದೂ ಉಜ್ಜಿ, ತೊಳೆದು, ಮೈ ಒರಟು ಮಾಡಿದ ಮೇಲೆ. ಅಲುಗುವ ಬಿರುಕಿಗೆ ಅವೂ ಮದ್ದಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಬಿರುಕು ಎಷ್ಟು ಉದ್ದವಿದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಮುಖ್ಯವಲ್ಲ. ಬಿರುಕಿನ ಎರಡು ಅಂಚು ಒಂದೇ ಮಟ್ಟದಲ್ಲಿವೆಯಾ ಅನ್ನುವುದು ಮುಖ್ಯ. ಒಂದು ನಾಣ್ಯವನ್ನು ಮಲಗಿಸಿ ಬಿರುಕಿಗೆ ಅಡ್ಡಲಾಗಿ, ಎರಡೂ ಕಡೆಯಿಂದ ಜಾರಿಸಿ. ಸಲೀಸಾಗಿ ದಾಟಿತು, ಅಗಲವೂ 3 ಮಿಲಿಮೀಟರಿನ ಒಳಗಿದೆ ಅಂದರೆ ಅದು ಕಾಂಕ್ರೀಟ್ ಕುಗ್ಗುವಾಗ ಬಿದ್ದ ಗೆರೆ. ಕಸ ತೆಗೆದು, ರಬ್ಬರಿನಂತೆ ಎಳೆದರೆ ಬರುವ ಪಾಲಿಯುರೆಥೇನ್ ಸೀಲೆಂಟ್ ತುಂಬಿ, ನೀರು ಇಳಿಯದ ಹಾಗೆ ಮಾಡಿ, ಸಾಕು. ಜೇಡರ ಬಲೆಯಂಥ ಸಣ್ಣ ಸಣ್ಣ ಗೆರೆಗಳಿಗೆ ಅದೂ ಬೇಡ.

ನಾಣ್ಯ ಅಂಚಿಗೆ ತಾಗಿ ನಿಂತಿತಾ? ಹಾಗಾದರೆ ತೊಂದರೆ ಕಾಂಕ್ರೀಟಿನದಲ್ಲ, ಕೆಳಗಿನ ಮಣ್ಣಿನದು. ಸರಿಯಾಗಿ ದಿಮ್ಮಸು ಹಾಕದ ಮಣ್ಣು ಕುಸಿದಿದೆ, ಅಥವಾ ನೀರು ನುಗ್ಗಿ ಮಣ್ಣು ಕೊಚ್ಚಿಹೋಗಿದೆ, ಇಲ್ಲವೇ ಮರದ ಬೇರು ಎತ್ತಿದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಠಣ್ ಅನ್ನುತ್ತದೆ, ಟೊಳ್ಳು ಜಾಗದ ಸದ್ದೇ ಬೇರೆ. ಕಾಂಕ್ರೀಟ್ ಹಲಗೆ, ಅಂದರೆ ಎರಡು ಜಾಯಿಂಟಿನ (ಬೇಕೆಂದೇ ಕೊಯ್ದ ಗೆರೆಯ) ನಡುವಿನ ತುಂಡು, ಒಡೆಯದೆ ಬರೀ ಕುಸಿದಿದ್ದರೆ, ತೂತು ಕೊರೆದು ಕೆಳಗೆ ಸಿಮೆಂಟ್ ಹಾಲು (ನೀರಾಗಿ ಕಲಸಿದ ಸಿಮೆಂಟ್) ಒತ್ತಿ ಮೇಲೆತ್ತಬಹುದು. ಒಂದೆರಡು ಹಲಗೆ ಮಾತ್ರ ಚೂರಾಗಿದ್ದರೆ ಜಾಯಿಂಟಿನಿಂದ ಜಾಯಿಂಟಿಗೆ ಕತ್ತರಿಸಿ ಅಷ್ಟನ್ನೇ ಹೊಸದಾಗಿ ಹಾಕಿಸಿ. ಬಹುಪಾಲು ಹಲಗೆಗಳು ಮೂರು ನಾಲ್ಕು ತುಂಡಾಗಿ ಕಾರು ಹತ್ತಿದಾಗ ಅಲುಗುತ್ತಿದ್ದರೆ, ಅಥವಾ ಬಿರುಕಿನುದ್ದಕ್ಕೂ ಒಳಗಿನ ಕಬ್ಬಿಣದ ತುಕ್ಕಿನ ಕಂದು ಕಲೆ ಬಂದು ಕಾಂಕ್ರೀಟ್ ಉಬ್ಬಿ ಕಳಚುತ್ತಿದ್ದರೆ, ಪೂರ್ತಿ ಒಡೆಸಿ. ಮಣ್ಣನ್ನೂ ಸರಿಮಾಡಿಸಿ. ಇಲ್ಲದಿದ್ದರೆ ಹೊಸದೂ ಅದೇ ಜಾಗದಲ್ಲಿ ಒಡೆಯುತ್ತದೆ.

ಇದನ್ನು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹೊಸದು ಹಾಕಿಸುವಾಗ ಜಾಯಿಂಟ್ ಎಲ್ಲಿ ಬರುತ್ತದೆ ಅಂತ ಮೊದಲೇ ಕೇಳಿ. ಕಾಂಕ್ರೀಟ್ ಹೇಗೂ ಬಿರುಕು ಬಿಡುತ್ತದೆ, ನಾವು ಹೇಳಿದ ಕಡೆ ಬಿಡಲಿ ಅಂತ ಗೆರೆ ಕೊಯ್ಯುವುದು. 4 ಇಂಚು ದಪ್ಪಕ್ಕೆ 8ರಿಂದ 10 ಅಡಿಗೊಂದು ಗೆರೆ, 1 ಇಂಚು ಆಳ. ಮೇಲೆ ಕರಣೆಯಲ್ಲಿ ಚೆಂದಕ್ಕೆ ಎಳೆದ ಗೀಟು ಲೆಕ್ಕಕ್ಕಿಲ್ಲ.

"ಒಣಗಲು ಎಷ್ಟು ದಿನ ಬೇಕು" ಅಂತಲೂ ಕೇಳಬೇಡಿ. ಕಾಂಕ್ರೀಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ಸಿಮೆಂಟ್ ಕೂಡಿಕೊಂಡು. ಕಡಿಮೆಯೆಂದರೆ 7 ದಿನ ಒದ್ದೆ ಗೋಣಿಚೀಲ ಹೊದಿಸಿ, ಅದು ಒಣಗದ ಹಾಗೆ ನೋಡಿಕೊಳ್ಳಿ. ಆ 7 ದಿನ ಕಾರು ಹೊರಗೇ ಇರಲಿ. ಭಾರದ ಲಾರಿಯನ್ನು 28 ದಿನ ಹತ್ತಿರ ಬಿಡಬೇಡಿ. ಆಮೇಲೂ ಚಕ್ರ ಅಂಚಿನ ಮೇಲೆ ಹೋಗದಿರಲಿ, ಹಲಗೆ ಮೊದಲು ಒಡೆಯುವುದು ಮೂಲೆಯಲ್ಲೇ.