ಎಳ್ಳು ಬೆರೆತ ತೊಗರಿ ಚೀಲ ಮತ್ತು ಹಾಲುಹಾದಿಯ ಲೆಕ್ಕ

ಒಂದು ಕ್ವಿಂಟಲ್ ತೊಗರಿಯಲ್ಲಿ ಎಷ್ಟು ಕಾಳು ಇರುತ್ತವೆ ಎಂದು ಕಲಬುರಗಿಯ ಎಪಿಎಂಸಿ ಯಾರ್ಡಿನಲ್ಲಿ ಕೇಳಿದರೆ ಯಾರೂ ಎಣಿಸಲು ಕೂರುವುದಿಲ್ಲ. ನೂರು ಕಾಳು ತೂಗಿ ನೋಡಿದರೆ ಮುಗಿಯಿತು. 10 ಗ್ರಾಂ ಬಂದರೆ ಕ್ವಿಂಟಲ್‌ಗೆ ಹತ್ತು ಲಕ್ಷ ಕಾಳು. ನಮ್ಮ ಸೂರ್ಯನೂ ಸೇರಿರುವ ನಕ್ಷತ್ರಗಳ ಮಹಾಗುಂಪಾದ ಹಾಲುಹಾದಿಯಲ್ಲಿ ನಕ್ಷತ್ರ ಎಷ್ಟು ಎಂಬ ಲೆಕ್ಕವೂ ಹೀಗೇ: ಒಟ್ಟು ತೂಕ ಕಂಡುಹಿಡಿಯಬೇಕು, ಸರಾಸರಿ ನಕ್ಷತ್ರದ ತೂಕದಿಂದ ಭಾಗಿಸಬೇಕು.

ಒಟ್ಟು ತೂಕಕ್ಕೆ ಕೆಪ್ಲರನ ಮೂರನೇ ನಿಯಮ ಸಾಕು: ದೂರದ ಘನವನ್ನು, ಒಂದು ಸುತ್ತಿಗೆ ಬೇಕಾದ ವರ್ಷಗಳ ವರ್ಗದಿಂದ ಭಾಗಿಸಿದರೆ, ಹಾದಿಯ ಒಳಗಿನ ತೂಕ ಎಷ್ಟು ಸೂರ್ಯರಷ್ಟು ಎಂದು ಸಿಗುತ್ತದೆ. ಸೂರ್ಯನಿಂದ ಭೂಮಿಗಿರುವ ದೂರವನ್ನು 1 ಎಂದು ಹಿಡಿಯಿರಿ. ಹಾಲುಹಾದಿಯ ಕೇಂದ್ರದಿಂದ ಸೂರ್ಯ ಸುಮಾರು 26,700 ಜ್ಯೋತಿರ್ವರ್ಷ ದೂರದಲ್ಲಿದ್ದಾನೆ. ಒಂದು ಜ್ಯೋತಿರ್ವರ್ಷಕ್ಕೆ, ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರಕ್ಕೆ, ಅಂಥ 63,241 ಮಾನ. ಗುಣಿಸಿದರೆ ಸುಮಾರು 169 ಕೋಟಿ. ಸೆಕೆಂಡಿಗೆ ಸುಮಾರು 230 ಕಿ.ಮೀ. ವೇಗದಲ್ಲಿ ಸೂರ್ಯ ಒಂದು ಸುತ್ತು ಮುಗಿಸಲು ಸುಮಾರು 22 ಕೋಟಿ ವರ್ಷ ಬೇಕು. 169 ಕೋಟಿಯ ಘನವನ್ನು 22 ಕೋಟಿಯ ವರ್ಗದಿಂದ ಭಾಗಿಸಿ. ಉತ್ತರ ಹತ್ತು ಸಾವಿರ ಕೋಟಿ, ಅಂದರೆ ಅಷ್ಟು ಸೂರ್ಯರ ತೂಕ.

ಬಹಳ ಜನ ಇಲ್ಲಿಗೇ ಲೆಕ್ಕ ಮುಗಿಸಿ "ಹತ್ತು ಸಾವಿರ ಕೋಟಿ ನಕ್ಷತ್ರ" ಎಂದು ಬರೆದುಬಿಡುತ್ತಾರೆ. ಇದು ತಪ್ಪು. ಈ ತೂಕ ಸೂರ್ಯನ ಹಾದಿಯ ಒಳಗಿನದು ಮಾತ್ರ, ಆಚೆಗಿರುವುದು ಇದರಲ್ಲಿ ಬಂದಿಲ್ಲ. ಮೇಲಾಗಿ ಇದರಲ್ಲಿ ಅನಿಲ, ಧೂಳು, ಕಣ್ಣಿಗೆ ಬೀಳದ ಕಪ್ಪು ದ್ರವ್ಯ ಎಲ್ಲವೂ ಸೇರಿವೆ. ಚೀಲದ ತೂಕದಲ್ಲಿ ಗೋಣಿ, ಮಣ್ಣು, ಹೊಟ್ಟು ಸೇರಿದ ಹಾಗೆ. ಎಲ್ಲ ಕಳೆದು, ಹೊರಗಿನದನ್ನು ಕೂಡಿಸಿದ ಮೇಲೆ ಇಡೀ ಹಾಲುಹಾದಿಯಲ್ಲಿ ನಕ್ಷತ್ರಗಳದ್ದೇ ತೂಕ 5,000ರಿಂದ 6,000 ಕೋಟಿ ಸೂರ್ಯರಷ್ಟು ಎಂಬುದು ಇಂದಿನ ಅಂದಾಜು. ಇಷ್ಟರ ಮಟ್ಟಿಗೆ ದೊಡ್ಡ ಜಗಳವಿಲ್ಲ.

ಜಗಳವೆಲ್ಲ ಸರಾಸರಿಯದ್ದು. 100 ಕಿಲೋ ಚೀಲದಲ್ಲಿ 98 ಕಿಲೋ ತೊಗರಿ, 2 ಕಿಲೋ ಎಳ್ಳು ಬೆರೆತಿದೆ ಎನ್ನಿ. ತೊಗರಿ 9.8 ಲಕ್ಷ ಕಾಳು. ಎಳ್ಳು ಸಾವಿರಕ್ಕೆ 3 ಗ್ರಾಂ ತೂಗುತ್ತದೆ, ಹಾಗಾಗಿ ಆ ಎರಡೇ ಕಿಲೋದಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಕಾಳು! ತೂಕದಲ್ಲಿ ಲೆಕ್ಕಕ್ಕೇ ಬಾರದ ಎಳ್ಳು, ಒಟ್ಟು ಎಣಿಕೆಯನ್ನು ಒಂದೂವರೆ ಪಟ್ಟಿಗೂ ಹೆಚ್ಚು ಮಾಡುತ್ತದೆ. ಹಾಲುಹಾದಿಯ ಎಳ್ಳು ಎಂದರೆ ಕೆಂಪು ಕುಬ್ಜಗಳು, ಸೂರ್ಯನಿಗಿಂತ ಚಿಕ್ಕ, ಮಂಕು ನಕ್ಷತ್ರಗಳು. ನಮ್ಮ ಅಕ್ಕಪಕ್ಕದ ನಕ್ಷತ್ರಗಳಲ್ಲಿ ನಾಲ್ಕರಲ್ಲಿ ಮೂರರಷ್ಟು ಇವೇ, ಆದರೂ ಬರಿಗಣ್ಣಿಗೆ ಒಂದೂ ಕಾಣುವುದಿಲ್ಲ. ಸೂರ್ಯನ ನಂತರ ನಮಗೆ ಅತಿ ಹತ್ತಿರದ ಪ್ರಾಕ್ಸಿಮಾ ಸೆಂಟೌರಿ ಕೇವಲ 4.24 ಜ್ಯೋತಿರ್ವರ್ಷ ದೂರದಲ್ಲಿದೆ, ಅದನ್ನು ನೋಡಲೂ ದೂರದರ್ಶಕ ಬೇಕು. ನಕ್ಷತ್ರವಾಗಲು ಬೇಕಾದ ಕನಿಷ್ಠ ತೂಕ ಸೂರ್ಯನ ಸುಮಾರು 0.08 ಪಾಲು. ಅದರ ಆಸುಪಾಸಿನವು ಎಷ್ಟಿವೆ ಎಂಬುದರ ಮೇಲೆ ಸರಾಸರಿ ನಿಂತಿದೆ. ಸರಾಸರಿ 0.5 ಎಂದರೆ ಹತ್ತರಿಂದ ಹನ್ನೆರಡು ಸಾವಿರ ಕೋಟಿ ನಕ್ಷತ್ರ, 0.25 ಎಂದರೆ ಅದರ ಎರಡರಷ್ಟು. ಪತ್ರಿಕೆಗಳಲ್ಲಿ 10,000 ಕೋಟಿಯಿಂದ 40,000 ಕೋಟಿವರೆಗೆ ಅಂಕಿಗಳು ಓಡಾಡುವುದು ಮುಖ್ಯವಾಗಿ ಇದಕ್ಕೇ. ಒಂದೇ ಅಂಕಿ ಕೊಟ್ಟವರನ್ನು "ಸರಾಸರಿ ತೂಕ ಎಷ್ಟು ಹಿಡಿದಿರಿ?" ಎಂದು ಕೇಳಬೇಕು. ಇನ್ನೊಂದು ಎಚ್ಚರ: ಒಂದು ಬಿಲಿಯನ್ ಎಂದರೆ ನೂರು ಕೋಟಿ. ಭಾಷಾಂತರದಲ್ಲಿ ಎರಡು ಸೊನ್ನೆ ಹಾರಿಹೋಗುವುದು ತೀರಾ ಸಾಮಾನ್ಯ.

ನೇರವಾಗಿ ಎಣಿಸಬಾರದೇ? 2013ರಲ್ಲಿ ಹಾರಿದ ಯುರೋಪಿನ ಗಾಯಾ ಉಪಗ್ರಹ ಎಣಿಸಿತು. 2022ರ ಅದರ ಪಟ್ಟಿಯಲ್ಲಿ ಸುಮಾರು 180 ಕೋಟಿ ಬೆಳಕಿನ ಚುಕ್ಕೆಗಳಿವೆ. ಒಟ್ಟು ಲೆಕ್ಕದ ಮುಂದೆ ಅದು ನೂರಕ್ಕೆ ಒಂದೆರಡು ಪಾಲು.

ಎಣಿಕೆಯ ಕಷ್ಟ ಕೈಯಾರೆ ತಿಳಿಯಬೇಕೆಂದರೆ 30 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ರಟ್ಟಿನ ಕೊಳವೆ ಸಾಕು. ಅದರಲ್ಲಿ ಕಾಣುವುದು ಮೇಲಿನ ಅರ್ಧ ಆಕಾಶದ 450ರಲ್ಲಿ ಒಂದು ಪಾಲು. ಅಮಾವಾಸ್ಯೆಯ ಆಸುಪಾಸು, ಚಿಂಚೋಳಿ ಕಾಡಿನಂಚಿನಂಥ ಕತ್ತಲ ಜಾಗದಲ್ಲಿ ಅರ್ಧ ಗಂಟೆ ಕಣ್ಣು ಪಳಗಿಸಿ, ಮೊಬೈಲ್ ಜೇಬಿನಲ್ಲೇ ಇಟ್ಟು, 45 ಬೇರೆ ಬೇರೆ ದಿಕ್ಕಿಗೆ ಕೊಳವೆ ಹಿಡಿದು ಎಣಿಸಿ. ಬಂದ ಮೊತ್ತಕ್ಕೆ ಹತ್ತರಿಂದ ಗುಣಿಸಿ. ಒಟ್ಟು 200 ಎಣಿಸಿದರೆ ಆಕಾಶದಲ್ಲಿ 2,000. ಆಚೀಚೆ 150ರಷ್ಟು ವ್ಯತ್ಯಾಸ ಸಹಜ. ಕೈ ತಾನಾಗಿ ಹೊಳೆಯುವ ಚುಕ್ಕೆಗಳ ಕಡೆ ತಿರುಗುತ್ತದೆ, ಮೊತ್ತ ಕೆಡುವುದು ಅಲ್ಲೇ. ಕಣ್ಣು ಮುಚ್ಚಿ ಕೊಳವೆ ಎತ್ತಿ, ಆಮೇಲೆ ಕಣ್ಣು ತೆರೆಯಿರಿ. ಕಣ್ಣು ಕೊಳವೆಯ ಬಾಯಿಗೆ ಅಂಟಿಕೊಂಡೇ ಇರಲಿ.

1785ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ದೂರದರ್ಶಕ ಹಿಡಿದು ಮಾಡಿದ್ದೂ ಇದೇ ಬಗೆಯ ಎಣಿಕೆ. ಹಾಲುಹಾದಿಯ ಅಂಚಿನವರೆಗೂ ತನಗೆ ಕಾಣುತ್ತದೆ ಎಂದು ನಂಬಿ, ಸೂರ್ಯನನ್ನು ಬಹುತೇಕ ನಡುವೆಯೇ ಕೂರಿಸಿದ. ಆ ನಂಬಿಕೆ ತಪ್ಪು: ನಕ್ಷತ್ರಗಳ ನಡುವಿನ ಧೂಳು ಬೆಳಕನ್ನು ನುಂಗುತ್ತದೆ ಎಂದು ಖಗೋಳ ವಿಜ್ಞಾನಿ ರಾಬರ್ಟ್ ಟ್ರಂಪ್ಲರ್ 1930ರಲ್ಲಿ ತೋರಿಸಿದ. ಏಪ್ರಿಲ್ ಕೊನೆಯ ವಾರ ನಸುಕಿನ ನಾಲ್ಕರ ಸುಮಾರಿಗೆ ಕಲಬುರಗಿ ಕಡೆ ದಕ್ಷಿಣಕ್ಕೆ ಮುಖ ಮಾಡಿ ನಿಂತು, ಮೂಲಾ ಮತ್ತು ಪೂರ್ವಾಷಾಢಾ ನಕ್ಷತ್ರಗಳ ನಡುವೆ, ದಿಗಂತದಿಂದ ಸುಮಾರು 44 ಡಿಗ್ರಿ ಎತ್ತರಕ್ಕೆ ನೋಡಿ. ಹಾಲುಹಾದಿಯ ಕೇಂದ್ರ ಅದೇ ದಿಕ್ಕಿನಲ್ಲಿದೆ. ಆ ಬೆಳ್ಳನೆಯ ಪಟ್ಟಿಯಲ್ಲಿ ಕಪ್ಪು ಬಿರುಕುಗಳಂತೆ ಕಾಣುವ ಜಾಗ ಖಾಲಿಯಲ್ಲ. ಧೂಳಿನ ಹಿಂದೆ ನಕ್ಷತ್ರಗಳು ಕಿಕ್ಕಿರಿದಿವೆ.