ಪ್ರಿಂಟ್ ಅಂದ್ರೆ ಅಚ್ಚು, ಆದರೆ ಯಾವ ಅಚ್ಚು?

ಮೈಸೂರಿನಲ್ಲಿ ಬಿಸಿಎ ಓದುವ ಅಕ್ಕನ ಮಗ ಹೋದ ತಿಂಗಳು ಮಂಡ್ಯದ ನಮ್ಮ ಮನೆಗೆ ಬಂದಿದ್ದ. ಬ್ಯಾಗಿನಲ್ಲಿ ಲ್ಯಾಬ್ ರೆಕಾರ್ಡು, ಕತ್ತರಿ, ಗಮ್ ಬಾಟಲಿ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಓಡಿಸಿ, ಔಟ್‌ಪುಟ್ ಕಾಪಿ ಮಾಡಿ, ವರ್ಡ್ ಫೈಲಿಗೆ ಪೇಸ್ಟ್ ಮಾಡಿ, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಆ ಹಾಳೆಯನ್ನು ಕತ್ತರಿಸಿ ರೆಕಾರ್ಡಿಗೆ ಅಂಟಿಸಬೇಕಂತೆ. "ಮಾಮ, ಪ್ರೋಗ್ರಾಂನಲ್ಲೇ ಪ್ರಿಂಟ್ ಅಂತ ಬರ್ದಿದೀನಿ. ಮತ್ತೆ ಅಂಗಡಿಗೆ ಯಾಕೆ ಹೋಗ್ಬೇಕು?" ಎಂದು ನಗುತ್ತಾ ಕೇಳಿದ. ಕೇಳಿದ್ದು ತಮಾಷೆಗೆ, ಆದರೆ ಪ್ರಶ್ನೆ ಸರಿಯಾಗೇ ಇತ್ತು.

ಒಂದು ಕಾಲದಲ್ಲಿ ಪ್ರಿಂಟ್ ಅಂದರೆ ನಿಜವಾಗಿ ಕಾಗದವೇ. 1957ರ ಫೋರ್ಟ್ರಾನ್ ಭಾಷೆಯಲ್ಲೇ ಪ್ರಿಂಟ್ ಎಂಬ ಆಜ್ಞೆ ಇತ್ತು. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಬೇಸಿಕ್ ಭಾಷೆ ಹುಟ್ಟಿದಾಗ ವಿದ್ಯಾರ್ಥಿಗಳ ಎದುರಿಗೆ ಪರದೆ ಇರಲಿಲ್ಲ, ಟೆಲಿಟೈಪ್ ಇತ್ತು. ಟೈಪ್‌ರೈಟರಿನ ಅಣ್ಣನಂಥ ಯಂತ್ರ. ಪ್ರಿಂಟ್ ಅಂದರೆ ಸೆಕೆಂಡಿಗೆ ಹತ್ತು ಅಕ್ಷರದಂತೆ ಟಕಟಕ ಅಂತ ಕಾಗದದ ಸುರುಳಿಯ ಮೇಲೆ ಹೊಡೆಯುತ್ತಿತ್ತು. ಕಾಗದ ಹೋಗಿ ಪರದೆ ಬಂತು, ಹೆಸರು ಮಾತ್ರ ಉಳಿಯಿತು. ಇವತ್ತಿಗೂ ಹೊಸ ಸಾಲಿನ ಗುರುತಿಗೆ ಲೈನ್ ಫೀಡ್ ಅನ್ನುತ್ತಾರೆ. ಕಾಗದವನ್ನು ಒಂದು ಸಾಲು ಮೇಲಕ್ಕೆ ತಳ್ಳು ಎಂದು ಅದರ ಅರ್ಥ. ತಳ್ಳಲು ಕಾಗದವೇ ಇಲ್ಲ!

ಹಾಗಾದರೆ ಈಗ ಪ್ರಿಂಟ್ ಅಂದರೇನು? ನನಗೆ ನಮ್ಮ ಹಳೇ ಪದವೇ ಇಷ್ಟ. ಅಚ್ಚು. ಮಂಡ್ಯದವರಿಗೆ ಅಚ್ಚು ಅಂದರೆ ಪುಸ್ತಕ ನೆನಪಾಗಲ್ಲ, ಬೆಲ್ಲ ನೆನಪಾಗುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕವನ್ನು ಮರದ ಅಚ್ಚಿಗೆ ಹುಯ್ದರೆ ಅಚ್ಚು ಬೆಲ್ಲ. ಅದೇ ಪಾಕ ಬಕೆಟಿಗೆ ಬಿದ್ದರೆ ಬಕೆಟ್ ಬೆಲ್ಲ. ಪ್ರೋಗ್ರಾಂ ಒಳಗಿರುವ ಬೆಲೆ, ಅಂದರೆ ಅದು ಹಿಡಿದಿಟ್ಟುಕೊಂಡ ಸಂಖ್ಯೆಯೋ ಅಕ್ಷರವೋ, ಪಾಕದ ಹಾಗೆ. ಪ್ರಿಂಟ್ ಅದಕ್ಕೆ ಕಣ್ಣಿಗೆ ಕಾಣುವ ಒಂದು ಆಕಾರ ಕೊಡುತ್ತದೆ, ಅಷ್ಟೇ.

ಒಂದನ್ನು ಮೂರರಿಂದ ಭಾಗಿಸಿ ಪ್ರಿಂಟ್ ಮಾಡಿ. ಪೈಥಾನ್ 0.3333333333333333 ಎಂದು ತೋರಿಸುತ್ತದೆ. ಚುಕ್ಕೆಯ ಮುಂದೆ ಎರಡೇ ಅಂಕಿ ಸಾಕು ಎಂದರೆ 0.33 ಎಂದು ತೋರಿಸುತ್ತದೆ. ಒಳಗಿನ ಬೆಲೆ ಎರಡೂ ಸಲ ಒಂದೇ. ಅದನ್ನು ಮೂರರಿಂದ ಗುಣಿಸಿದರೆ ಮತ್ತೆ 1 ಬರುತ್ತದೆ. ಆದರೆ ಪರದೆಯ ಮೇಲಿನ 0.33 ಅನ್ನು ಕಾಪಿ ಮಾಡಿ, ಇನ್ನೊಂದು ಕಡೆ ಪೇಸ್ಟ್ ಮಾಡಿ ಗುಣಿಸಿದರೆ 0.99. ನೀವು ಎತ್ತಿಕೊಂಡು ಹೋಗಿದ್ದು ಬೆಲ್ಲವನ್ನು, ಪಾಕವನ್ನಲ್ಲ.

ಕಾಪಿ, ಪೇಸ್ಟ್ ಪದಗಳ ಕತೆ ನಮ್ಮ ಜೆರಾಕ್ಸ್ ಅಂಗಡಿಗಳಿಗೂ ನೆಂಟು. ಮೈಸೂರಿನಲ್ಲಿ ಜೆರಾಕ್ಸ್ ಅಂದರೆ ನಕಲು ಅಂತಲೇ ಅರ್ಥ ಅಲ್ವಾ? ಕಂಪ್ಯೂಟರಿನ ಕಟ್, ಕಾಪಿ, ಪೇಸ್ಟ್ ಇವತ್ತಿನ ರೂಪಕ್ಕೆ ಬಂದಿದ್ದು ಅದೇ ಜೆರಾಕ್ಸ್ ಕಂಪನಿಯ ಪಾರ್ಕ್ ಎಂಬ ಪ್ರಯೋಗಾಲಯದಲ್ಲಿ, 1970ರ ದಶಕದ ನಡುವೆ. ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಕಟ್ಟಿದ ಜಿಪ್ಸಿ ಎಂಬ ತಂತ್ರಾಂಶದಲ್ಲಿ. ಪದಗಳನ್ನು ತಂದಿದ್ದು ಕತ್ತರಿ, ಗೋಂದು ಹಿಡಿದು ಹಸ್ತಪ್ರತಿ ತಿದ್ದುತ್ತಿದ್ದವರಿಂದ. ಅಂದರೆ ನಮ್ಮ ಹುಡುಗನ ಗಮ್ ಬಾಟಲಿಯೇ ಮೂಲ, ಕೀಬೋರ್ಡಿನದು ಆಮೇಲಿನದು.

ಪೇಸ್ಟ್ ಮಾಡುವಾಗ ಆಕಾರದ ಜೊತೆ ಕಸವೂ ಬರುತ್ತದೆ. ಪೈಥಾನ್ ಕಿಟಕಿಯಿಂದ ಸಾಲು ಎತ್ತಿದರೆ ಮುಂದಿನ >>> ಗುರುತೂ ಅಂಟಿಕೊಂಡು ಬರುತ್ತದೆ, ಅದನ್ನು ಫೈಲಿಗೆ ಹಾಕಿದರೆ ತಪ್ಪು ಎನ್ನುತ್ತದೆ. ವರ್ಡ್ ಮೂಲಕ ಹಾದು ಬಂದ ಪ್ರೋಗ್ರಾಂನಲ್ಲಿ ನೆಟ್ಟಗಿನ ಉದ್ಧರಣ ಚಿಹ್ನೆಗಳು ಬಾಗಿರುತ್ತವೆ. ನಮ್ಮ ಕಣ್ಣಿಗೆ ಎರಡೂ ಒಂದೇ, ಪೈಥಾನ್‌ಗೆ ಎರಡನೆಯದು ಗೊತ್ತೇ ಇಲ್ಲದ ಅಕ್ಷರ. ಇವು ಬೈದು ಹೇಳುವ ತಪ್ಪುಗಳು, ಪರವಾಗಿಲ್ಲ. ಬೈಯದೇ ಸುಮ್ನೆ ಇರುವುದೇ ಜಾಸ್ತಿ ಅಪಾಯ. ಬೆಲ್ಲದ ದರ 3,500 ಎಂದು ಅಲ್ಪವಿರಾಮ ಸಮೇತ ಪೇಸ್ಟ್ ಮಾಡಿ ನೋಡಿ. ಪೈಥಾನ್ ಅದನ್ನು ಮೂರೂವರೆ ಸಾವಿರ ಅಂದುಕೊಳ್ಳುವುದಿಲ್ಲ, 3 ಮತ್ತು 500 ಎಂಬ ಎರಡು ಸಂಖ್ಯೆಗಳ ಜೋಡಿ ಅಂದುಕೊಳ್ಳುತ್ತದೆ. ನಾನು ಇದರಲ್ಲಿ ಒಂದು ಭಾನುವಾರ ಕಳೆದಿದ್ದೇನೆ.

ಕನ್ನಡದಲ್ಲಿ ಇನ್ನೂ ಒಂದು ಮಜಾ. ಮಂಡ್ಯ ಎಂದು ಪ್ರಿಂಟ್ ಮಾಡಿದರೆ ಕಣ್ಣಿಗೆ ಕಾಣುವುದು ಎರಡು ಅಕ್ಷರ. ಉದ್ದ ಎಷ್ಟು ಎಂದು ಕೇಳಿದರೆ ಪೈಥಾನ್ 5 ಎನ್ನುತ್ತದೆ. ಮ, ಸೊನ್ನೆ, ಡ, ಒತ್ತಕ್ಷರ ಮಾಡಿಸುವ ಗುರುತು, ಯ ಎಂದು ಅದರ ಲೆಕ್ಕ. ಮೈಸೂರು 6. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಪೇಸ್ಟ್ ಮಾಡಿದರಂತೂ ಕನ್ನಡವೇ ಇರುವುದಿಲ್ಲ, ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳು ಬಂದು ಕೂರುತ್ತವೆ. ಅಲ್ಲಿ ಕನ್ನಡ ಇದ್ದಿದ್ದು ಫಾಂಟಿನ ಚಿತ್ರದಲ್ಲಿ ಮಾತ್ರ.

ಕಾಪಿ ಮಾಡುವ ಮುನ್ನ ಒಂದು ಮಾತು. ಆಜ್ಞೆಗಳನ್ನು ಟೈಪ್ ಮಾಡಿ ಕೊಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಪ್ರೋಗ್ರಾಂ ಓಡುತ್ತಿರುವಾಗ ಕಂಟ್ರೋಲ್ ಸಿ ಒತ್ತಿದರೆ ಸಾಮಾನ್ಯವಾಗಿ ಅದು ಕಾಪಿ ಆಗಲ್ಲ, ಪ್ರೋಗ್ರಾಂ ನಿಂತುಹೋಗುತ್ತದೆ. ಲಿನಕ್ಸ್‌ನಲ್ಲಿ ಕಾಪಿಗೆ ಜೊತೆಗೆ ಶಿಫ್ಟ್ ಕೂಡ ಒತ್ತಬೇಕು.

ಹೊಸಬರು ಎಲ್ಲಕ್ಕಿಂತ ಹೆಚ್ಚು ಎಡವುವುದು ಪ್ರಿಂಟ್ ಮತ್ತು ರಿಟರ್ನ್ ನಡುವೆ. ಪ್ರಿಂಟ್ ನಮಗೆ ತೋರಿಸುತ್ತದೆ, ರಿಟರ್ನ್ ಪ್ರೋಗ್ರಾಂನ ಕೈಗೆ ಕೊಡುತ್ತದೆ. ಒಂದು ಫಂಕ್ಷನ್, ಅಂದರೆ ಹೆಸರಿಟ್ಟು ಬೇಕಾದಾಗ ಕರೆಯುವ ಪ್ರೋಗ್ರಾಂನ ತುಂಡು, ಮೊತ್ತವನ್ನು ತೋರಿಸಿ ಸುಮ್ಮನಾದರೆ, ಅದನ್ನು ಕರೆದವರ ಕೈಗೆ ಏನೂ ಸಿಗುವುದಿಲ್ಲ. ಆ ಏನೂ ಇಲ್ಲ ಎಂಬುದಕ್ಕೆ ಪೈಥಾನ್ ಇಟ್ಟ ಹೆಸರು ನನ್ (None). ಅಂಥ ಫಂಕ್ಷನ್ನನ್ನು ಇನ್ನೊಂದು ಪ್ರಿಂಟ್ ಒಳಗೆ ಹಾಕಿದರೆ ಮೊದಲು ಮೊತ್ತ, ಕೆಳಗಿನ ಸಾಲಿನಲ್ಲಿ ನನ್ ಬರುತ್ತದೆ.

ಇಷ್ಟು ಹೇಳಿದ ಮೇಲೆ ಹುಡುಗ ರೆಕಾರ್ಡು ತೆಗೆದು ಹಾಳೆ ತಿರುವಿದ. ಏಳನೇ ಪ್ರೋಗ್ರಾಂ. ಅಂದವಾಗಿ ಕತ್ತರಿಸಿ ಅಂಟಿಸಿದ ಔಟ್‌ಪುಟ್. ಮೊತ್ತದ ಕೆಳಗೆ ನನ್. ಅದರ ಮೇಲೇ ಕೆಂಪು ಇಂಕಿನಲ್ಲಿ ಸಹಿ ಬಿದ್ದಿತ್ತು.