‘ಮೊದಲಿನಂತೆ’ ಅಂದರೆ ಯಾವಾಗಿನಂತೆ?

ನಮ್ಮ ಲ್ಯಾಬಿನ ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನಲ್ಲಿ ಒಂದು ಡಬ್ಬಿ ಇದೆ. ಅದರಲ್ಲಿ ಹದಿನಾಲ್ಕು ಟ್ಯೂಬುಗಳು. ಒಂದರ ಮುಚ್ಚಳದ ಮೇಲೆ ‘ನ್ಯೂ’ ಅಂತಿದೆ. ಪಕ್ಕದ್ದರ ಮೇಲೆ ‘ನ್ಯೂ ನ್ಯೂ’. ಇನ್ನೊಂದರ ಮೇಲೆ ‘ಫೈನಲ್’. ಉಳಿದವುಗಳ ಅಕ್ಷರ ಯಾವತ್ತೋ ಎಥನಾಲ್ ತಾಗಿ ಅಳಿಸಿಹೋಗಿದೆ. ಒಡತಿ ಪಿಎಚ್‌ಡಿ ಮುಗಿಸಿ ಹೋಗಿ ಎರಡು ವರ್ಷವಾಯಿತು. ಫೋನ್ ಮಾಡಿದರೆ ‘ನೋಟ್‌ಬುಕ್ಕಲ್ಲಿದೆ ಸರ್’ ಅನ್ನುತ್ತಾಳೆ. ತೆಗೆದು ನೋಡಿದೆ. ‘ಆ್ಯಸ್ ಬಿಫೋರ್’ ಅಂತಿದೆ.

ಜೀವವಿಜ್ಞಾನದಲ್ಲಿ ಪಿಎಚ್‌ಡಿಗೆ ಸೇರುವ ಮಕ್ಕಳು ಮೊದಲ ದಿನ ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠ. ಎಷ್ಟು ವರ್ಷ ಬೇಕು ಸರ್? ಯುಜಿಸಿಯ 2022ರ ನಿಯಮದ ಪ್ರಕಾರ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಮತ್ತೆ 2. ಎಷ್ಟು ಪೇಪರ್ ಬೇಕು ಸರ್? ಆ ನಿಯಮದಲ್ಲಿ ಪೇಪರ್ ಕಡ್ಡಾಯ ಅಂತಿಲ್ಲ. ಆದರೆ ನಿಮ್ಮ ವಿಶ್ವವಿದ್ಯಾಲಯಕ್ಕೆ ತನ್ನದೇ ನಿಯಮ ಇರಬಹುದು, ಕಚೇರಿಗೆ ಹೋಗಿ ಕೇಳಿ. ಕ್ಯಾಂಟೀನಿನಲ್ಲಿ ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ. ಜೆಆರ್‌ಎಫ್, ಅಂದರೆ ಜೂನಿಯರ್ ರಿಸರ್ಚ್ ಫೆಲೋಶಿಪ್ ಬಂದವರು ಒಂದು ಲೆಕ್ಕ ಹಾಕುವುದೇ ಇಲ್ಲ. ಜೆಆರ್‌ಎಫ್ 2 ವರ್ಷ, ಆಮೇಲಿನ ಸೀನಿಯರ್ ಫೆಲೋಶಿಪ್ ಎಸ್‌ಆರ್‌ಎಫ್ 3 ವರ್ಷ, ಒಟ್ಟು 5. ರಿಜಿಸ್ಟ್ರೇಷನ್ 6 ವರ್ಷ ಇರುತ್ತದೆ, ದುಡ್ಡು 5ಕ್ಕೇ ನಿಲ್ಲುತ್ತದೆ. ಆರನೇ ವರ್ಷ ರೂಮಿನ ಬಾಡಿಗೆ ಯಾರು ಕಟ್ಟುತ್ತಾರೆ?

ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು ಅಂತ ಮಾತ್ರ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಅದು ಎಲ್ಲರಿಗೂ ಗೊತ್ತು, ಅಲ್ವಾ?

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಒಳ್ಳೆಯ ಹುಡುಗ, ಬೆಳಿಗ್ಗೆ ಎಂಟಕ್ಕೆಲ್ಲ ಲ್ಯಾಬಿನಲ್ಲಿರುತ್ತಿದ್ದ. ಸೀನಿಯರ್ ಶುದ್ಧ ಮಾಡುತ್ತಿದ್ದ ಒಂದು ಪ್ರೊಟೀನನ್ನು ಇವನೂ ಶುದ್ಧ ಮಾಡಬೇಕಿತ್ತು. ಪಿಎಚ್ ಸ್ಥಿರವಾಗಿಡುವ ಟ್ರಿಸ್ ಬಫರ್ ದ್ರಾವಣ, ಪಿಎಚ್ 8, ಕೋಲ್ಡ್ ರೂಮಿನಲ್ಲಿ ಅಯಾನ್ ಎಕ್ಸ್‌ಚೇಂಜ್ ಕಾಲಮ್, ಅಂದರೆ ವಿದ್ಯುತ್ ಚಾರ್ಜ್ ನೋಡಿ ಪ್ರೊಟೀನುಗಳನ್ನು ಬೇರ್ಪಡಿಸುವ ಕೊಳವೆ. ಸೀನಿಯರ್ ಕೈಯಲ್ಲಿ ಪ್ರೊಟೀನು ಕಾಲಮ್ಮಿಗೆ ಅಂಟದೆ ಸಲೀಸಾಗಿ ಇಳಿದು ಬರುತ್ತಿತ್ತು, ಕಸ ಒಳಗೆ ಉಳಿಯುತ್ತಿತ್ತು. ಇವನ ಕೈಯಲ್ಲಿ ಪ್ರೊಟೀನೂ ಒಳಗೇ ಉಳಿಯಿತು. ಹೊಸ ಕಾಲಮ್ ತರಿಸಿದೆವು. ಹೊಸ ಕ್ಲೋನ್ ಮಾಡಿದ. ನೀರು ಬದಲಿಸಿದ. ಏಳು ತಿಂಗಳು ಹೋಯಿತು. ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದೆ ಪ್ರೆಸೆಂಟೇಷನ್ ಕೊಡಬೇಕಲ್ಲ, ಆ ಸಲ ಅವನ ಮುಖ ನೋಡಲಾಗಲಿಲ್ಲ.

ಸೀನಿಯರಿನ ನೋಟ್‌ಬುಕ್ ತೆಗೆದು ಕೂತೆವು. ಆಗಸ್ಟಿನ ಪುಟದಲ್ಲಿ ‘ಮೊದಲಿನಂತೆ’. ಜೂನ್‌ಗೆ ಹೋದೆವು, ‘ಮೊದಲಿನಂತೆ’. ಹಿಂದಿನ ವರ್ಷದ ನವೆಂಬರ್, ‘ಮೊದಲಿನಂತೆ, ಬಫರ್ ಹೊಸದು’. ಆ ‘ಮೊದಲು’ ಎಲ್ಲೂ ಸಿಗಲೇ ಇಲ್ಲ. ಕೊನೆಗೆ ಅವನಿಗೇ ಫೋನ್ ಹಚ್ಚಿದೆ. ಆಗವನು ಹೈದರಾಬಾದಿನ ಕಂಪನಿಯೊಂದರಲ್ಲಿದ್ದ. ‘ಪಿಎಚ್ ನಾನು ಕೋಲ್ಡ್ ರೂಮಲ್ಲೇ ಅಡ್ಜಸ್ಟ್ ಮಾಡ್ತಿದ್ದೆ ಸರ್, ಬಾಟ್ಲಿ ಅಲ್ಲೇ ಇರ್ತಿತ್ತಲ್ಲ’ ಅಂದ.

ಅಷ್ಟೇ. ಟ್ರಿಸ್‌ನ ಸ್ವಭಾವವೇ ಹಾಗೆ. ತಣ್ಣಗಾದಂತೆ ಅದರ ಪಿಎಚ್ ಒಂದು ಡಿಗ್ರಿಗೆ ಸುಮಾರು 0.03ರಂತೆ ಏರುತ್ತದೆ. 25 ಡಿಗ್ರಿಯ ಬೆಂಚಿನ ಮೇಲೆ 8 ಇದ್ದದ್ದು 4 ಡಿಗ್ರಿಯ ಕೋಲ್ಡ್ ರೂಮಿಗೆ ಹೋದರೆ ಹತ್ತಿರ ಹತ್ತಿರ 8.6 ಆಗುತ್ತದೆ. ಇವನು ಬೆಂಚಿನ ಮೇಲೆ ಅಡ್ಜಸ್ಟ್ ಮಾಡಿ ಒಳಗೆ ಒಯ್ಯುತ್ತಿದ್ದ. ಪಿಎಚ್ ಏರಿ ಪ್ರೊಟೀನಿನ ಚಾರ್ಜ್ ಬದಲಾಗಿ ಅದು ಕಾಲಮ್ಮಿಗೆ ಅಂಟಿಕೊಳ್ಳುತ್ತಿತ್ತು. ಇದು ಎಂಎಸ್ಸಿ ಪಾಠ. ನನಗೂ ಹೊಳೆಯಲಿಲ್ಲ, ನಾಚಿಕೆಯ ವಿಷಯ. ಆದರೆ ‘4 ಡಿಗ್ರಿಯಲ್ಲಿ ಪಿಎಚ್ 8’ ಅಂತ ಒಂದೇ ಒಂದು ಸಾಲು ಇದ್ದಿದ್ದರೆ ಏಳು ತಿಂಗಳು ಉಳಿಯುತ್ತಿತ್ತು.

ಇಷ್ಟು ಹೇಳಿದ ಮೇಲೂ ನನ್ನ ಮಾತು ತಪ್ಪಾಗಿಯೇ ಅರ್ಥವಾಗುತ್ತದೆ. ‘ನೀಟಾಗಿ ಬರೀತೀನಿ ಸರ್’ ಅನ್ನುತ್ತಾರೆ. ನೀಟು ಯಾರಿಗೆ ಬೇಕು? ಟಿಶ್ಯೂ ಪೇಪರಿನ ಮೇಲೆ ಗೀಚಿಕೊಂಡದ್ದನ್ನು ಭಾನುವಾರ ಕೂತು ಮೂರು ಬಣ್ಣದ ಪೆನ್ನಿನಲ್ಲಿ ಚೆಂದವಾಗಿ ಕಾಪಿ ಮಾಡುತ್ತಾರೆ. ಕೆಟ್ಟುಹೋದ ಪ್ರಯೋಗ ಆ ಕಾಪಿಗೆ ಬರುವುದೇ ಇಲ್ಲ. ಒಬ್ಬಳು ರೀಡಿಂಗುಗಳನ್ನು ಕೈಗವಸಿನ ಹಿಂಭಾಗದಲ್ಲೇ ಬರೆದುಕೊಂಡಿದ್ದಳು. ಊಟಕ್ಕೆ ಹೋಗುವಾಗ ಗವಸು ಕಳಚಿ ಕಸದ ಬುಟ್ಟಿಗೆ ಹಾಕಿದಳು. ಮಧ್ಯಾಹ್ನವೆಲ್ಲ ಬಯೋಹಜಾರ್ಡ್ ಚೀಲ ಕೆದಕಿದ್ದೇ ಬಂತು.

ನಾನು ಕೇಳುವುದು ಇಷ್ಟು. ಮಾಡುವಾಗಲೇ ಬರೆಯಿರಿ, ಮಾಡಿದ ಮೇಲಲ್ಲ. ಬಾಟಲಿಯ ಲಾಟ್ ನಂಬರ್ ಬರೆಯಿರಿ, ಅದರಲ್ಲೂ ಆ್ಯಂಟಿಬಾಡಿಯದ್ದು. ಬಫರನ್ನು ಯಾರು ಮಾಡಿದರು, ಎಂದು ಮಾಡಿದರು ಅಂತ ಬರೆಯಿರಿ. ಪ್ರಯೋಗ ಕೆಟ್ಟಿತಾ, ಅವತ್ತೇ ಜಾಸ್ತಿ ಬರೆಯಿರಿ. ಕರೆಂಟ್ ಹೋಗಿತ್ತಾ, ಅದೂ ಇರಲಿ. ಕಂಪ್ಯೂಟರಿನಲ್ಲಿ ಬರೆಯುವ ಲ್ಯಾಬುಗಳಿವೆ, ನನ್ನ ತಕರಾರಿಲ್ಲ. ಕಾಡಿನಲ್ಲಿ ಕಪ್ಪೆ ಎಣಿಸುವವರ ಕಷ್ಟ ಬೇರೆ, ಅವರಿಗೆ ಹೇಳುವಷ್ಟು ನನಗೆ ಗೊತ್ತಿಲ್ಲ.

ಇದರ ಬಿಸಿ ತಟ್ಟುವುದು ಕೊನೆಯ ವರ್ಷ, ಥೀಸಿಸಿನ ವಿಧಾನಗಳ ಅಧ್ಯಾಯ ಬರೆಯುವಾಗ. ನೋಟ್‌ಬುಕ್ಕಿನಲ್ಲಿ ಏನೂ ಇಲ್ಲ. ಆಗ ಸೀನಿಯರಿನ ಥೀಸಿಸಿನಿಂದ ಎತ್ತಿ ಹಾಕುತ್ತಾರೆ. ಅದು ಆಗಲೇ ಥೀಸಿಸುಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಇರುತ್ತದೆ, ನಕಲು ಹುಡುಕುವ ಸಾಫ್ಟ್‌ವೇರ್ ಅರ್ಧ ಗಂಟೆಯಲ್ಲಿ ಹಿಡಿಯುತ್ತದೆ. 2018ರ ಯುಜಿಸಿ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ಶಿಕ್ಷೆಯಿಲ್ಲ. ಅದು ದಾಟಿತೆಂದರೆ ಗೈಡಿನ ಕೋಣೆಯಲ್ಲಿ ಅಳು. ಅಳುವವರಿಗೆ ಟೀ ತರಿಸಿಕೊಡುತ್ತೇನೆ, ಬೈಯುವುದು ಆಮೇಲೆ.

ಈಗ ನನ್ನ ಲ್ಯಾಬಿನಲ್ಲಿ ಒಂದು ಪದ್ಧತಿ ಇದೆ. ವೈವಾ ಮುಗಿದ ಮೇಲೆ ನೋ ಡ್ಯೂಸ್‌ಗೆ ನನ್ನ ಸಹಿ ಬೇಕಾದರೆ ಫ್ರೀಜರಿನ ಮುಂದೆ ನನ್ನ ಜೊತೆ ನಿಲ್ಲಬೇಕು. ಒಂದೊಂದೇ ಟ್ಯೂಬ್ ತೆಗೆದು ಏನು, ಯಾವ ಪುಟ ಅಂತ ಹೇಳಬೇಕು. ಹೋದ ತಿಂಗಳು ಒಬ್ಬಳು ಎಲ್ಲವನ್ನೂ ಪಟಪಟ ಹೇಳಿದಳು. ಕೆಳಗಿನ ಶೆಲ್ಫಿನ ಮೂಲೆಯಿಂದ ಹಿಮ ಹಿಡಿದ ಒಂದು ಟ್ಯೂಬ್ ತೆಗೆದು, ಉಜ್ಜಿ, ಓದಿದಳು. ‘ಇದು ನಂದಲ್ಲ ಸರ್. ಗುಡ್ ಒನ್ ಅಂತಿದೆ.’

ಇಸಿದುಕೊಂಡು ನೋಡಿದೆ. ಅಕ್ಷರ ನನ್ನದೇ. ಮತ್ತೆ ಅಲ್ಲೇ ಇಟ್ಟು ಬಾಗಿಲು ಹಾಕಿದೆ.